ರಿಲ್ಯಾಕ್ಸರ್ ಹಾಕಿಸಿದ್ದೀರಾ? ಮೊದಲ ಮೂರು ತಿಂಗಳು ಕೂದಲನ್ನು ಹೀಗೆ ನೋಡಿಕೊಳ್ಳಿ

ಗುಂಗುರು ಕೂದಲನ್ನು ನೆಟ್ಟಗಾಗಿಸುವ ಕ್ರೀಮಿಗೆ ರಿಲ್ಯಾಕ್ಸರ್ ಅನ್ನುತ್ತಾರೆ. ಅದನ್ನು ಕೂದಲಿಗೆ ಹಾಕುವುದು ನನ್ನ ಕೆಲಸ. ಹಾಕಿಸಿಕೊಂಡು ಹೋದವರು ಒಂದೆರಡು ತಿಂಗಳಿಗೆ ಮತ್ತೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. "ಅಕ್ಕ, ಕೂದಲು ಸಿಕ್ಕಾಪಟ್ಟೆ ಉದುರ್ತಿದೆ, ಏನು ಹಚ್ಚಲಿ?" ಅಂತ ಕೇಳುತ್ತಾರೆ. ಹಚ್ಚುವ ಮಾತು ಆಮೇಲೆ. ಮೊದಲು ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಚುಕ್ಕಿಯಷ್ಟು ಬಿಳಿ ಗುಂಡು ಇದ್ದರೆ ಅದು ಬುಡದಿಂದ ಕಳಚಿ ಬಂದದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಎಲ್ಲರಿಗೂ ಸಹಜ. ಗುಂಡು ಇಲ್ಲ, ಉದ್ದವೂ ಇಲ್ಲ, ಬರೀ ತುಂಡು ತುಂಡು ಸಿಕ್ಕರೆ ಅದು ಉದುರಿದ್ದಲ್ಲ, ಮುರಿದದ್ದು.

ರಿಲ್ಯಾಕ್ಸರ್ ಹಾಕಿದ ಕೂದಲಿನ ತೊಂದರೆ ಬಹುತೇಕ ಈ ಎರಡನೆಯದ್ದೇ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ತನ್ನಷ್ಟಕ್ಕೆ ಬೆಳೆಯುತ್ತಲೇ ಇರುತ್ತದೆ. ಅಷ್ಟೇ ಉದ್ದ ಕೆಳಗೆ ಮುರಿದು ಬಿದ್ದರೆ "ನನ್ನ ಕೂದಲು ಬೆಳೆಯೋದೇ ಇಲ್ಲ" ಅನ್ನಿಸುತ್ತದೆ. ಹಾಗಾಗಿ ಬೆಳೆಸುವ ಎಣ್ಣೆ ಹುಡುಕಬೇಡಿ. ಮುರಿಯದಂತೆ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಒಳಗೆ ಏನಾಗಿದೆ

ಇದನ್ನು ಒಮ್ಮೆ ತಿಳಿದುಕೊಂಡರೆ ಅಂಗಡಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಒಂದೊಂದು ಕೊಂಡಿಯಲ್ಲೂ ಎರಡೆರಡು ಗಂಧಕ. ರಿಲ್ಯಾಕ್ಸರ್ ಅದರಲ್ಲಿ ಒಂದನ್ನು ತೆಗೆದುಬಿಡುತ್ತದೆ. ಗುಂಗುರು ಹೋಗಿ ಕೂದಲು ನೆಟ್ಟಗಾಗುತ್ತದೆ, ಆದರೆ ಮೊದಲಿದ್ದ ಗಟ್ಟಿತನವೂ ಅದರ ಜೊತೆಗೇ ಸ್ವಲ್ಪ ಹೋಗುತ್ತದೆ. ಹೋದ ಗಂಧಕವನ್ನು ಯಾವ ಹೇರ್ ಮಾಸ್ಕೂ (ಕೂದಲಿಗೆ ಹಚ್ಚಿ ತೊಳೆಯುವ ದಪ್ಪ ಕ್ರೀಮ್) ವಾಪಸ್ ತಂದು ಕೂರಿಸುವುದಿಲ್ಲ. ಬಾಟಲಿಯ ಮೇಲೆ "ರಿಪೇರ್" ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ಅಷ್ಟೇ. ಮಾಸ್ಕ್ ಕೂದಲಿಗೆ ಒಂದು ತೆಳುವಾದ ಪದರ ಕೊಡುತ್ತದೆ, ಜಾರುವಂತೆ ಮಾಡುತ್ತದೆ, ಕೆಲವು ತೊಳೆತಗಳವರೆಗೆ ಬಲ ಕೊಡುತ್ತದೆ. ಅದೇನೂ ಸಣ್ಣ ಉಪಕಾರವಲ್ಲ. ಆದರೆ ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ರಿಲ್ಯಾಕ್ಸರ್‌ನಲ್ಲಿ ಬಗೆಗಳಿವೆ. ಯಾವುದು ಹಾಕಿದ್ದಾರೆ ಅಂತ ಕೇಳಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. "ಲೈ" ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಅದೇ ಕಾಸ್ಟಿಕ್ ಸೋಡಾ. "ನೋ-ಲೈ" ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡಿನ್ ಕಾರ್ಬೊನೇಟ್ ಬೆರೆಸಿ ಹಾಕುವುದು. ಎರಡೂ ಭಾರಿ ಕ್ಷಾರ. ನೆತ್ತಿಯ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5.5 ಇದ್ದರೆ ಇವುಗಳದ್ದು 12ರಿಂದ 14. ನೋ-ಲೈ ಅಂದರೆ ಸೌಮ್ಯ ಅಂತ ಎಷ್ಟೋ ಜನ ನಂಬಿದ್ದಾರೆ. ನೆತ್ತಿ ಉರಿಯುವುದು ಸ್ವಲ್ಪ ಕಮ್ಮಿ, ನಿಜ. ಆದರೆ ಅದು ಕೂದಲಿನ ಮೇಲೆ ಕ್ಯಾಲ್ಸಿಯಂ ಬಿಟ್ಟು ಹೋಗುತ್ತದೆ, ಅದರಿಂದ ಕೂದಲು ಒರಟಾಗಿ, ಮಂಕಾಗಿ ಕಾಣುತ್ತದೆ.

ಮೂರನೆಯದು ಥಯೋ. ರಿಬಾಂಡಿಂಗ್, ಸ್ಮೂದನಿಂಗ್ ಅಂತ ಮಾಡುವುದರಲ್ಲಿ ಸಾಮಾನ್ಯವಾಗಿ ಇರುವುದು ಇದು, ಅಮೋನಿಯಂ ಥಯೋಗ್ಲೈಕೋಲೇಟ್. ಇದು ಗಂಧಕವನ್ನು ಕಳಚಿ ಒಯ್ಯುವುದಿಲ್ಲ. ಕೊಂಡಿಯನ್ನು ಬಿಡಿಸುತ್ತದೆ, ಆಮೇಲೆ ಹಾಕುವ ಪೆರಾಕ್ಸೈಡ್ ಆ ಕೊಂಡಿಯನ್ನು ಹೊಸ ಆಕಾರದಲ್ಲಿ ಮತ್ತೆ ಕೂಡಿಸುತ್ತದೆ. ದಾರಿಯೇ ಬೇರೆ. ಅದಕ್ಕೇ ಒಂದರ ಮೇಲೆ ಇನ್ನೊಂದನ್ನು ಯಾವತ್ತೂ ಹಾಕಿಸಬಾರದು. ಹೈಡ್ರಾಕ್ಸೈಡ್ ಹಾಕಿದ ಕೂದಲಿಗೆ ಥಯೋ ಬಿದ್ದರೆ, ಅಥವಾ ಥಯೋ ಮೇಲೆ ಹೈಡ್ರಾಕ್ಸೈಡ್ ಬಿದ್ದರೆ, ಕೂದಲು ಸಿಂಕಿನಲ್ಲೇ ಕೈಗೆ ಬರುತ್ತದೆ. ಬೇರೆ ಪಾರ್ಲರ್‌ಗೆ ಹೋದರೆ ಬಾಯಿಬಿಟ್ಟು ಹೇಳಬೇಕಾದ ಮೊದಲ ಮಾತು ಇದೇ.

(ಒಂದು ಅಡ್ಡಮಾತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೂದಲು ನೆಟ್ಟಗಾಗಿಸುವ ಕ್ರೀಮ್ ಮಾಡಿ ಮಾರಿದವರಲ್ಲಿ ಅಮೆರಿಕದ ಗ್ಯಾರೆಟ್ ಮೋರ್ಗನ್ ಒಬ್ಬರು. 1923ರಲ್ಲಿ ಟ್ರಾಫಿಕ್ ಸಿಗ್ನಲ್ ಒಂದಕ್ಕೆ ಪೇಟೆಂಟ್ ಪಡೆದವರೂ ಅವರೇ. ಈ ಕೆಲಸದಲ್ಲಿರುವ ನಮಗೆ ಅದೊಂದು ಸಣ್ಣ ಹೆಮ್ಮೆ.)

ಮೊದಲ ವಾರ

ರಿಲ್ಯಾಕ್ಸರ್ ತೊಳೆಯುವಾಗ ನೊರೆ ನೋಡಿ. ನ್ಯೂಟ್ರಲೈಸಿಂಗ್ ಶಾಂಪೂ, ಅಂದರೆ ಉಳಿದ ಕ್ಷಾರವನ್ನು ತೆಗೆಯುವ ಶಾಂಪೂ, ಹಲವದರಲ್ಲಿ ಬಣ್ಣ ತೋರಿಸುವ ಪದಾರ್ಥ ಇರುತ್ತದೆ. ಕ್ಷಾರ ಉಳಿದಿದ್ದರೆ ನೊರೆ ಗುಲಾಬಿ, ಹೋದಮೇಲೆ ಬಿಳಿ. ಕಿವಿಯ ಹಿಂದೆ ಮತ್ತು ಕುತ್ತಿಗೆಯ ಬುಡದಲ್ಲಿ ಗುಲಾಬಿ ಕೊನೆಯವರೆಗೂ ಉಳಿದುಕೊಳ್ಳುತ್ತದೆ, ಯಾಕೆಂದರೆ ತೊಳೆಯುವವರ ಕೈ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ನಾನಂತೂ ಬಿಳಿ ನೊರೆ ಬಂದ ಮೇಲೂ ಆ ಎರಡು ಜಾಗಕ್ಕೆ ಇನ್ನೊಮ್ಮೆ ಶಾಂಪೂ ಹಾಕುತ್ತೇನೆ. ನಿಮಗೆ ತೊಳೆಯುತ್ತಿರುವವರು ಅವಸರ ಮಾಡಿದರೆ ಸಂಕೋಚ ಬಿಟ್ಟು "ಇನ್ನೊಂದ್ಸಲ" ಅನ್ನಿ. ಕ್ಷಾರ ಉಳಿದರೆ ಅದು ಮನೆಗೆ ಹೋದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ.

ಆಮೇಲೆ ಒಂದು ವಾರ ಕೂದಲನ್ನು ಸುಮ್ನೆ ಬಿಡಿ. ಬಣ್ಣ ಬೇಡ, ಬಿಗಿ ಜಡೆ ಬೇಡ, ಐರನ್ (ಕೂದಲನ್ನು ಬಿಸಿಯಿಂದ ನೆಟ್ಟಗಾಗಿಸುವ ಯಂತ್ರ) ಬೇಡ. ಬಣ್ಣ ಹಾಕಿಸಲೇಬೇಕಾದರೆ ಕಡಿಮೆ ಅಂದರೂ ಎರಡು ವಾರ ಕಾಯಿರಿ. ಬ್ಲೀಚ್ ಮಾತ್ರ ಎಷ್ಟು ಕಾದರೂ ಬೇಡ ಅನ್ನುವವಳು ನಾನು.

ಕೂದಲು ತೊಳೆಯುವ ದಿನ

ಇಡೀ ಅಭ್ಯಾಸದ ತಿರುಳು ಇದೇ. ವಾರಕ್ಕೆ ಒಂದು ದಿನ ಗೊತ್ತು ಮಾಡಿ. ನೆತ್ತಿ ಬೇಗ ಜಿಡ್ಡಾಗುವವರು, ವ್ಯಾಯಾಮ ಮಾಡಿ ಬೆವರುವವರು ಎರಡು ದಿನ ತೊಳೆಯಬಹುದು. ಹತ್ತು ದಿನಕ್ಕಿಂತ ಜಾಸ್ತಿ ಮುಂದೂಡಬೇಡಿ. ತೊಳೆಯದಿದ್ದರೆ ಕೂದಲು ಉಳಿಯುತ್ತದೆ ಅನ್ನುವುದು ಸುಳ್ಳು. ನೆತ್ತಿ ತುರಿಸುತ್ತದೆ, ನೀವು ಕೆರೆಯುತ್ತೀರಿ, ಅಲ್ಲೇ ಮುರಿಯುತ್ತದೆ.

ತೊಳೆಯುವ ಮುಂಚೆ ಅರ್ಧ ಗಂಟೆ, ಸಾಧ್ಯವಾದರೆ ಹಿಂದಿನ ರಾತ್ರಿ, ಕೂದಲಿನ ಉದ್ದಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ. ಇದು ಅಜ್ಜಿ ಮಾತು ಮಾತ್ರ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ, ಹಾಗಾಗಿ ಒದ್ದೆಯಾದಾಗ ಕೂದಲು ನೀರು ಕುಡಿದು ಉಬ್ಬುವುದು ಕಮ್ಮಿಯಾಗುತ್ತದೆ. ತೊಟ್ಟಿಕ್ಕುವಷ್ಟು ಬೇಡ. ಅಂಗೈಯಲ್ಲಿ ಹೊಳಪು ಬರುವಷ್ಟು ತೆಗೆದುಕೊಂಡು ತುದಿಯಿಂದ ಮೇಲಕ್ಕೆ ಸವರಿ.

ಸಿಕ್ಕು ಬಿಡಿಸುವುದು ನೀರು ಹಾಕುವ ಮುಂಚೆ, ಈ ಎಣ್ಣೆಯಲ್ಲೇ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ಸಿಕ್ಕಿನ ಮೇಲಿನ ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಆಗ ಎಳೆತ ಬುಡಕ್ಕೆ ತಾಗುವುದಿಲ್ಲ. ಬುಡದಿಂದ ಒಂದೇ ಸಲ ಎಳೆದು ತರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ರಿಲ್ಯಾಕ್ಸರ್ ಹಾಕಿದ ಕೂದಲು ಒದ್ದೆಯಾದಾಗ ಹಳೇ ರೇಷ್ಮೆ ಬಟ್ಟೆ ಇದ್ದ ಹಾಗೆ. ಹಿಂಡಬಾರದು, ಉಜ್ಜಬಾರದು, ಜಗ್ಗಬಾರದು.

ಈಗ ಕೂದಲನ್ನು ನಾಲ್ಕು ಭಾಗ ಮಾಡಿ ಸಡಿಲವಾಗಿ ಕ್ಲಿಪ್ ಹಾಕಿ. ಉಗುರುಬೆಚ್ಚಗಿನ ನೀರು ಸಾಕು. ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ಉಜ್ಜಿ, ಉಗುರು ತಾಗಿಸಬೇಡಿ. ಉದ್ದಕ್ಕೆ ಬೇರೆ ಶಾಂಪೂ ಬೇಕಿಲ್ಲ. ತಲೆಯಿಂದ ಇಳಿಯುವ ನೊರೆಯೇ ಅದನ್ನು ತೊಳೆದುಕೊಂಡು ಹೋಗುತ್ತದೆ. ಎಲ್ಲಾ ಕೂದಲನ್ನೂ ತಲೆಯ ಮೇಲೆ ಗುಡ್ಡೆ ಹಾಕಿಕೊಂಡು ಗಸಗಸ ಉಜ್ಜುವುದನ್ನು ಜಾಹೀರಾತಿನವರಿಗೆ ಬಿಟ್ಟುಬಿಡಿ. ನೋ-ಲೈ ಹಾಕಿಸಿದವರು ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ ಬಳಸಿ. ಲೇಬಲ್‌ನಲ್ಲಿ "ಇಡಿಟಿಎ" ಅಂತ ಇರುತ್ತದೆ, ಕ್ಯಾಲ್ಸಿಯಂ ಹಿಡಿದು ಹೊರಗೆ ಹಾಕುವುದು ಅದೇ. ಆದರೆ ಮಾಮೂಲಿ ಶಾಂಪೂಗಳಲ್ಲೂ ಅದು ಚೂರುಪಾರು ಇರುತ್ತದೆ, ಹಾಗಾಗಿ ಬಾಟಲಿಯ ಮುಂಭಾಗದಲ್ಲಿ ಕೀಲೇಟಿಂಗ್ ಅಂತಲೇ ಬರೆದದ್ದನ್ನು ಆರಿಸಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆಯುವವರಿಗೂ ಇದೇ ಮಾತು.

ಇನ್ನು ಕಂಡೀಷನರ್. ಇದರಲ್ಲಿ ಜಿಪುಣತನ ಬೇಡ. ನೀರು ಇಳಿದ ಮೇಲೆ ಕಿವಿಯಿಂದ ಕೆಳಗೆ ಧಾರಾಳವಾಗಿ ಹಚ್ಚಿ. ವಾರಕ್ಕೊಮ್ಮೆ ಡೀಪ್ ಕಂಡೀಷನಿಂಗ್ ಮಾಡಿ. ಮಾಸ್ಕ್ ಹಚ್ಚಿ, ಶವರ್ ಕ್ಯಾಪ್ ಹಾಕಿ, ಮೇಲೆ ಬೆಚ್ಚಗಿನ ಟವೆಲ್ ಸುತ್ತಿ 20ರಿಂದ 30 ನಿಮಿಷ. ರಾತ್ರಿಯಿಡೀ ಇಟ್ಟುಕೊಂಡರೆ ಜಾಸ್ತಿ ಲಾಭ ಅಂತೇನಿಲ್ಲ. ಕೂದಲು ನೆಂದು ನೆಂದು ಇನ್ನಷ್ಟು ಮೆತ್ತಗಾಗುತ್ತದೆ, ಅಷ್ಟೇ.

ಯಾವ ಮಾಸ್ಕ್? ಇದಕ್ಕೆ ನಿಮ್ಮ ಕೂದಲೇ ಉತ್ತರ ಹೇಳುತ್ತದೆ. ಬಾಚಣಿಗೆಗೆ ಬಂದ ಒಂದು ಒದ್ದೆ ಕೂದಲನ್ನು ಎರಡು ಕೈಯ ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಎಳೆಯಿರಿ. ಸ್ವಲ್ಪ ಹಿಗ್ಗಿ, ಬಿಟ್ಟಾಗ ವಾಪಸ್ ಬಂದರೆ ಎಲ್ಲಾ ಸರಿ ಇದೆ. ಹಿಗ್ಗುತ್ತಾ ಹಿಗ್ಗುತ್ತಾ ಹೋಗಿ ಮೆತ್ತಗೆ ತುಂಡಾದರೆ ಅದಕ್ಕೆ ಪ್ರೋಟೀನ್ ಬೇಕು. ಹಿಗ್ಗದೇ ಟಕ್ಕಂತ ಮುರಿದರೆ ಪ್ರೋಟೀನ್ ಜಾಸ್ತಿಯಾಗಿದೆ ಅಥವಾ ತೇವ ಕಮ್ಮಿಯಾಗಿದೆ. ಪ್ರೋಟೀನ್ ಮಾಸ್ಕಿನ ಲೇಬಲ್‌ನಲ್ಲಿ ಹೈಡ್ರೊಲೈಸ್ಡ್ ಕೆರಾಟಿನ್, ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ಅಂತ ಇರುತ್ತದೆ. ಅದು ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು, ಉಳಿದ ವಾರಗಳಲ್ಲಿ ತೇವ ಕೊಡುವ ಮಾಸ್ಕ್. ಹೊಸಬರು ಇಲ್ಲೇ ಎಡವುತ್ತಾರೆ. ಮುರಿಯುತ್ತಿದೆ ಅಂತ ವಾರ ವಾರವೂ ಪ್ರೋಟೀನ್ ಹಾಕುತ್ತಾರೆ, ಕೂದಲು ಕಡ್ಡಿಯಾಗಿ ಇನ್ನೂ ಜಾಸ್ತಿ ಮುರಿಯುತ್ತದೆ.

ತೊಳೆದಾದ ಮೇಲೆ ಟವೆಲ್‌ನಿಂದ ತಿಕ್ಕಬೇಡಿ. ಹಳೇ ಕಾಟನ್ ಟೀ ಶರ್ಟಿನಲ್ಲಿ ಅದುಮಿ ನೀರು ತೆಗೆಯಿರಿ. ಇನ್ನೂ ಒದ್ದೆ ಇರುವಾಗಲೇ ಲೀವ್-ಇನ್ ಕಂಡೀಷನರ್ (ತೊಳೆಯದೆ ಹಾಗೇ ಬಿಡುವಂಥದ್ದು) ಹಚ್ಚಿ, ಅದರ ಮೇಲೆ ತುದಿಗಳಿಗೆ ಎರಡು ಹನಿ ಎಣ್ಣೆ ಅಥವಾ ಸೀರಮ್. ಮೊದಲು ನೀರಿನ ಅಂಶ, ಆಮೇಲೆ ಎಣ್ಣೆ. ಒಣ ಕೂದಲಿಗೆ ಬರೀ ಎಣ್ಣೆ ಬಳಿದರೆ ಹೊಳೆಯುತ್ತದೆ, ಒಳಗೆ ಒಣಗಿಯೇ ಇರುತ್ತದೆ.

ಉಳಿದ ದಿನಗಳು

ಒಣಗಿಸುವುದಕ್ಕೆ ನನ್ನ ಮೊದಲ ಆಯ್ಕೆ ದೊಡ್ಡ ರೋಲರ್. ಕೂದಲು ನೆಟ್ಟಗೆ, ನಯವಾಗಿ ಒಣಗುತ್ತದೆ, ಐರನ್ ಕೇಳುವುದೇ ಇಲ್ಲ. ಐರನ್ ಬೇಕೇ ಬೇಕು ಅನ್ನುವವರಿಗೆ ನನ್ನ ಷರತ್ತುಗಳಿವೆ. ವಾರಕ್ಕೆ ಒಂದೇ ಸಲ, ತೊಳೆದ ಕೂದಲಿಗೆ ಮಾತ್ರ. ಬಿಸಿಯಿಂದ ಕೂದಲನ್ನು ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಹಾಕಿರಬೇಕು. 180 ಡಿಗ್ರಿ ಸೆಲ್ಸಿಯಸ್ ದಾಟಬಾರದು, ತೆಳು ಕೂದಲಿಗೆ 150 ಸಾಕು. ಒಂದು ಭಾಗದ ಮೇಲೆ ಒಂದೇ ಸಲ ಎಳೆಯಬೇಕು. ಕೂದಲು ಪೂರ್ತಿ ಒಣಗಿರಲೇಬೇಕು. ಚೂರು ತೇವ ಇದ್ದರೂ ಒಳಗಿನ ನೀರು ಕುದಿದು ಆವಿಯಾಗಿ ಕೂದಲೊಳಗೇ ಗುಳ್ಳೆ ಏಳುತ್ತದೆ. ಚುರ್ ಅಂತ ಸದ್ದು ಬಂದರೆ ಅದು ಸುಡುತ್ತಿರುವ ಸದ್ದು, ಅಲ್ಲೇ ನಿಲ್ಲಿಸಿ.

ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿ, ಅಥವಾ ದಿಂಬಿಗೆ ಸ್ಯಾಟಿನ್ ಕವರ್ ಹಾಕಿ. ಹತ್ತಿಯ ಬಟ್ಟೆ ತೇವ ಹೀರಿಕೊಳ್ಳುತ್ತದೆ, ಹೊರಳಿದಾಗೆಲ್ಲಾ ಕೂದಲನ್ನು ಉಜ್ಜುತ್ತದೆ. ನಾನು ಹೇಳುವ ಎಲ್ಲದರಲ್ಲೂ ಇದೇ ಅಗ್ಗದ್ದು, ಇದನ್ನೇ ಜನ ಮೊದಲು ಮರೆಯುವುದು.

ಹಣೆಯಂಚು, ಕಿವಿಯ ಮುಂದಿನ ಸಣ್ಣ ಕೂದಲಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಿಗಿಯಾದ ಪೋನಿಟೇಲ್, ಸಣ್ಣ ಸಣ್ಣ ಜಡೆ, ಭಾರದ ಎಕ್ಸ್‌ಟೆನ್ಷನ್ ಇವು ಯಾವ ಕೂದಲಿಗೂ ಒಳ್ಳೆಯದಲ್ಲ. ರಿಲ್ಯಾಕ್ಸರ್ ಹಾಕಿದ ಕೂದಲಿಗಂತೂ ಇನ್ನೂ ಅಪಾಯ. ಜಗ್ಗಿ ಜಗ್ಗಿ ಬುಡವೇ ಸತ್ತರೆ ಅಲ್ಲಿ ಮತ್ತೆ ಕೂದಲು ಬರುವುದಿಲ್ಲ. ಕಟ್ಟಿದ ಮೇಲೆ ಹುಬ್ಬು ಎತ್ತಿದಾಗ ನೆತ್ತಿ ನೋಯುತ್ತಿದ್ದರೆ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ಬಿಚ್ಚಿಬಿಡಿ. ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಬಳಸಿ. ದಿನಾ ಒಂದೇ ಜಾಗದಲ್ಲಿ ಕಟ್ಟಬೇಡಿ.

ಈಜುವವರು ನೀರಿಗಿಳಿಯುವ ಮುಂಚೆ ಕೂದಲನ್ನು ಒಳ್ಳೆ ನೀರಿನಲ್ಲಿ ನೆನೆಸಿ ಕಂಡೀಷನರ್ ಹಚ್ಚಿಕೊಳ್ಳಿ, ಕ್ಯಾಪ್ ಹಾಕಿ, ಬಂದ ಕೂಡಲೇ ತೊಳೆಯಿರಿ. ತುದಿ ಸೀಳಿದ್ದರೆ ಕತ್ತರಿಸಿ. ಸೀಳು ತಾನಾಗಿ ಕೂಡುವುದಿಲ್ಲ, ಮೇಲಕ್ಕೇ ಹೋಗುತ್ತದೆ.

ಬುಡ ಬೆಳೆದಾಗ

ಆರನೇ ವಾರದ ಹೊತ್ತಿಗೆ ಬುಡದಲ್ಲಿ ಗುಂಗುರು ಕೈಗೆ ಸಿಗುತ್ತದೆ. ಮೇಲೆ ನಿಮ್ಮ ಹುಟ್ಟುಗೂದಲು, ಕೆಳಗೆ ರಿಲ್ಯಾಕ್ಸರ್ ಹಾಕಿದ್ದು. ಇವೆರಡು ಸೇರುವ ಸಂದು ಇಡೀ ಕೂದಲಲ್ಲೇ ಸೂಕ್ಷ್ಮವಾದ ಜಾಗ. ಜಾಸ್ತಿ ಮುರಿಯುವುದು ಇಲ್ಲೇ. ಬೆರಳಲ್ಲಿ ಒಂದು ಎಳೆ ಹಿಡಿದು ಸವರಿದರೆ ಅಂಕುಡೊಂಕು ಇದ್ದದ್ದು ಇದ್ದಕ್ಕಿದ್ದಂತೆ ನಯವಾಗುವುದು ಗೊತ್ತಾಗುತ್ತದೆ. ಬಾಚುವಾಗ ಈ ಸಂದಿನ ಮೇಲೆ ಕೈ ಹಗುರ ಇರಲಿ. ಬುಡಕ್ಕೂ ಲೀವ್-ಇನ್ ಹಚ್ಚಿ. ಬುಡ ನೆಟ್ಟಗೆ ಕಾಣಲಿ ಅಂತ ದಿನಾ ಐರನ್ ಒತ್ತಬೇಡಿ. ರೋಲರ್ ಹಾಕಿ ಗುಂಗುರು ಅಲೆ ಬರಿಸಿದರೆ ಎರಡು ಬಗೆಯ ಕೂದಲೂ ಒಂದೇ ಥರ ಕಾಣುತ್ತವೆ.

ಟಚ್‌ಅಪ್ ಅಂದರೆ ಹೊಸದಾಗಿ ಬೆಳೆದ ಬುಡಕ್ಕೆ ಮತ್ತೆ ರಿಲ್ಯಾಕ್ಸರ್ ಹಾಕಿಸುವುದು, 8ರಿಂದ 12 ವಾರಕ್ಕೆ. ಅಷ್ಟರಲ್ಲಿ ಎರಡರಿಂದ ಮೂರೂವರೆ ಸೆಂಟಿಮೀಟರ್ ಹೊಸ ಕೂದಲು ಬಂದಿರುತ್ತದೆ. ಬೇಗ ಹೋದರೆ ಹಳೆಯದಕ್ಕೆ ತಾಗದಂತೆ ಹೊಸದಕ್ಕೆ ಮಾತ್ರ ಹಾಕುವುದು ಕಷ್ಟ. ಕ್ರೀಮ್ ಹೊಸ ಬೆಳವಣಿಗೆಗೆ ಮಾತ್ರ. ಈಗಾಗಲೇ ನೆಟ್ಟಗಾದ ಭಾಗಕ್ಕೆ ಮೊದಲೇ ದಪ್ಪಗೆ ಕಂಡೀಷನರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿಸಿ, ಹರಿದು ಬಂದರೂ ತಾಗದಿರಲಿ. ಹಣೆ, ಕಿವಿ, ಕುತ್ತಿಗೆಯ ಅಂಚಿಗೂ ಜೆಲ್ಲಿ. ಹೋಗುವ ಎರಡು ಮೂರು ದಿನ ಮುಂಚೆ ತಲೆ ತೊಳೆಯಬೇಡಿ, ಕೆರೆಯಬೇಡಿ, ಜೋರಾಗಿ ಬ್ರಷ್ ಮಾಡಬೇಡಿ. ನೆತ್ತಿಯ ಸಹಜ ಜಿಡ್ಡು ರಕ್ಷಣೆ ಕೊಡುತ್ತದೆ, ಕೆರೆದ ಗಾಯ ಕ್ಷಾರಕ್ಕೆ ಬಾಗಿಲು ತೆರೆಯುತ್ತದೆ. ಪ್ಯಾಕೆಟ್ ಮೇಲಿನ ಸಮಯವನ್ನು ಒಂದು ನಿಮಿಷವೂ ಮೀರಬಾರದು. "ಉರಿದರೆ ತಾನೇ ಹಿಡಿಯೋದು" ಅಂತ ಹೇಳುವವರು ಈಗಲೂ ಇದ್ದಾರೆ. ಅದು ಅಪ್ಪಟ ಸುಳ್ಳು. ಉರಿ ಶುರುವಾದರೆ ಚರ್ಮ ಸುಡುತ್ತಿದೆ ಅಂತ ಅರ್ಥ, ತಕ್ಷಣ ತೊಳೆಸಿ. ಕೂದಲು ಪೂರ್ತಿ ನೆಟ್ಟಗಾಗದೆ ಸ್ವಲ್ಪ ಅಲೆ ಉಳಿದರೆ ಒಳ್ಳೆಯದೇ. ಕಡ್ಡಿಯಂತೆ ನೆಟ್ಟಗಾದ ಕೂದಲಿಗಿಂತ ಅದೇ ಗಟ್ಟಿ.

ಮನೆಯಲ್ಲಿ ನೀವೇ ಹಾಕಿಕೊಳ್ಳಬಹುದಾ? ಮೊದಲ ವರ್ಷ ಬೇಡ. ತಲೆಯ ಹಿಂಭಾಗ ನಿಮಗೆ ಕಾಣುವುದಿಲ್ಲ, ಅಷ್ಟೇ ಕಾರಣ ಸಾಕು.

ಇನ್ನೊಂದು ವಿಷಯವನ್ನು ನಾನು ನನ್ನ ಹೊಟ್ಟೆಪಾಡಿನ ಕೆಲಸವಾದರೂ ಮುಚ್ಚಿಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಒಂದು ವರದಿ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೆಟ್ಟಗಾಗಿಸುವ ಉತ್ಪನ್ನ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು. 70 ವರ್ಷದೊಳಗೆ ಬರುವ ಅಂದಾಜು, ಬಳಸದವರಲ್ಲಿ ಶೇ 1.64 ಇದ್ದರೆ ಇವರಲ್ಲಿ ಶೇ 4.05. ಇದೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ, ನಂಟಿದೆ ಅಂತ ತೋರಿಸಿದೆ. ನನ್ನ ಲೆಕ್ಕ ಸರಳ. 8 ವಾರಕ್ಕೆ ಹಾಕಿದರೆ ವರ್ಷಕ್ಕೆ ಆರು ಸಲ ಆಗುತ್ತದೆ, 12 ವಾರಕ್ಕೆ ಹಾಕಿದರೆ ನಾಲ್ಕು. ಅದಕ್ಕೇ ಕೇಳಿದವರಿಗೆಲ್ಲಾ 12ರ ಕಡೆಗೇ ಎಳೆಯಿರಿ ಅನ್ನುತ್ತೇನೆ, ಕೂದಲಿಗೂ ಅದೇ ವಾಸಿ. ಬಸುರಿಯಾಗಿದ್ದರೆ, ಮನೆಯಲ್ಲಿ ಆ ಕ್ಯಾನ್ಸರ್ ಯಾರಿಗಾದರೂ ಆಗಿದ್ದರೆ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಕೆಲವು ದಿನ ಟಚ್‌ಅಪ್ ಮುಂದೂಡಲೇಬೇಕು. ನೆತ್ತಿಯಲ್ಲಿ ಗಾಯ, ಹುಣ್ಣು ಇದ್ದಾಗ. ಬಣ್ಣ ಹಾಕಿಸಿ ಎರಡು ವಾರ ಆಗದಿದ್ದಾಗ. ಜಡೆ ಬಿಚ್ಚಿದ ದಿನವೇ. ಎಳೆದು ನೋಡಿದಾಗ ಕೂದಲು ಅಂಟಂಟಾಗಿ ಹಿಗ್ಗುತ್ತಿದ್ದಾಗ. ಇಂಥ ದಿನ ದುಡ್ಡು ಬೇಡ ಅಂತ ವಾಪಸ್ ಕಳಿಸುವ ಪಾರ್ಲರ್ ಸಿಕ್ಕರೆ ಅದನ್ನು ಬಿಡಬೇಡಿ. ಇನ್ನು ನಾಣ್ಯದಗಲ ಬೋಳಾದರೆ, ನಡುನೆತ್ತಿ ತೆಳುವಾಗುತ್ತಾ ಹೋದರೆ, ತುರಿಕೆ ಜೊತೆ ಕೀವು ಅಥವಾ ಹೊಪ್ಪಳೆ ಕಂಡರೆ ಅದು ನಮ್ಮ ಕೈಯ ಕೆಲಸ ಅಲ್ಲ. ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ರಿಲ್ಯಾಕ್ಸರ್, ಶಾಂಪೂ, ಮಾಸ್ಕ್ ಎಲ್ಲದರ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. "ಯಾವುದೋ ಬಿಳಿ ಡಬ್ಬ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.